ಹೆಪ್ಪು ಕೇಳದ ಮನೆ

ಮೊನ್ನೆ ಸೊಸೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾರೋ ಹುಡುಗಿ, ಬೆನ್ನಿಗೆ ಹಾಕುವ ಚೀಲವೊಂದನ್ನು ಮೇಜಿನ ಮೇಲಿಟ್ಟುಕೊಂಡು, ಆಪತ್ತಿಗೆಂದು ಮನೆಯಲ್ಲಿ ಏನೇನು ತಯಾರಿಟ್ಟಿರಬೇಕು ಎಂದು ಒಂದೊಂದೇ ತೆಗೆದು ತೋರಿಸುತ್ತಿದ್ದಳು. ಬ್ಯಾಟರಿ, ಮೇಣದ ಬತ್ತಿ, ನೀರಿನ ಬಾಟಲಿ, ಗಾಯಕ್ಕೆ ಕಟ್ಟುವ ಬಟ್ಟೆ, ಹಗ್ಗ, ಕೊನೆಗೊಂದು ಸೀಟಿ. ಸೀಟಿ ಕಂಡದ್ದೇ ನನಗೆ ನಗು ಬಂದುಬಿಟ್ಟಿತು. ಸಂತೋಷದ ನಗುವಲ್ಲ ಅದು. ಸೊಸೆ ಮುಖ ಸಣ್ಣ ಮಾಡಿಕೊಂಡಳು. ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದ ನಮ್ಮ ಯಲ್ಲಾಪುರದಂಥ ಊರಲ್ಲಿ ಇಂಥದ್ದೆಲ್ಲ ಬೇಕಾಗುತ್ತದೆ, ಅತ್ತೆಗೆ ಎಲ್ಲದರಲ್ಲೂ ತಮಾಷೆ ಎಂದು ಗೊಣಗಿದಳು. ಅವಳು ಹೇಳಿದ್ದು ಸರಿಯೇ. ಆ ಚೀಲದಲ್ಲಿರುವುದೆಲ್ಲ ಅವಳ ಗಂಡ ಹುಟ್ಟುವುದಕ್ಕೆ ಎಷ್ಟೋ ಮೊದಲೇ ನನ್ನ ಅಪ್ಪನ ಮನೆಯಲ್ಲಿ ಇತ್ತು ಎಂದಷ್ಟೇ ಹೇಳಿದೆ. ಆ ಮನೆಯ ಮಾತು ಬಂದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಇಷ್ಟು ವಯಸ್ಸಾದ ಮೇಲೂ ಹೀಗೇಕೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂದು ಬರೆಯಲು ಕೂತಿದ್ದೇನೆ.

ನಮ್ಮದು ಶಿರಸಿ ಪೇಟೆಯಲ್ಲಿ, ಬನವಾಸಿ ರಸ್ತೆಯ ಕಡೆಗೆ, ಒಂದೇ ಅಂಗಳಕ್ಕೆ ಮುಖ ಮಾಡಿದ ಸಾಲುಮನೆಗಳಲ್ಲಿ ತುದಿಯ ಬಾಡಿಗೆ ಮನೆ. ಒಂದು ಹೊರಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮೇಲೆ ಹಲಗೆಯ ಅಟ್ಟ. ಅಂಗಳದ ನಡುವೆ ಎಲ್ಲರಿಗೂ ಸೇರಿ ಒಂದು ಬಾವಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತ ಮೇಲೆ ಪಾನಾ ಹುಡುಕುವವನು ಮೆಕ್ಯಾನಿಕ್ಕೇ ಅಲ್ಲ ಎನ್ನುತ್ತಿದ್ದ. ಮನೆಯನ್ನೂ ಅವನು ಘಟ್ಟ ಇಳಿಯಲು ಹೊರಟ ಬಸ್ಸಿನ ಹಾಗೆಯೇ ನೋಡುತ್ತಿದ್ದ. ಮಂಚದ ಕೆಳಗೆ ತಗಡಿನ ಟ್ರಂಕು ಇತ್ತು. ಅದರಲ್ಲಿ ಬ್ಯಾಟರಿ, ಅದಕ್ಕೆ ಬೇರೆ ಸೆಲ್ಲು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ, ತೊಳೆದು ಹರಿದು ಸುರುಳಿ ಮಾಡಿದ ಹಳೆ ಪಂಚೆ, ಟಿಂಚರ್ ಬಾಟಲಿ, ಮುರಿದ ಕೈಕಾಲಿಗೆ ಕಟ್ಟಲೆಂದು ತೆಳ್ಳಗೆ ಕೆತ್ತಿದ ಎರಡು ಹಲಗೆ, ಹಗ್ಗ, ಬಸ್ ಕಂಡಕ್ಟರು ಊದುವಂಥದ್ದೊಂದು ಸೀಟಿ. ಅಟ್ಟದ ಮೇಲೆ ಅಕ್ಕಿ, ಅವಲಕ್ಕಿ, ಬೆಲ್ಲ, ಉಪ್ಪು ಹಾಕಿದ ಮಾವಿನ ಮಿಡಿ, ಚಿಮಣಿ ಎಣ್ಣೆಯ ಡಬ್ಬ, ಒಣ ಕಟ್ಟಿಗೆ. ಮಲಗುವ ಮುಂಚೆ ಬಚ್ಚಲ ಹಂಡೆ ತುಂಬಿರಬೇಕು, ಒಲೆಯ ಬಳಿ ಬೆಳಗಿನ ಕಟ್ಟಿಗೆ ಇರಬೇಕು, ಚಪ್ಪಲಿಗಳು ಬಾಗಿಲ ಕಡೆ ಮುಖ ಮಾಡಿರಬೇಕು. ನನ್ನ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಅಪ್ಪ ಬೈಯುತ್ತಿರಲಿಲ್ಲ. ಹಾಸಿಗೆಯಿಂದ ಎಬ್ಬಿಸಿ, ನನ್ನ ಕೈಯಿಂದಲೇ ತಿರುಗಿಸಿ ಇಡಿಸಿ, ಮತ್ತೆ ಮಲಗಲು ಕಳಿಸುತ್ತಿದ್ದ.

ಶನಿವಾರ ಸಂಜೆ ಅಭ್ಯಾಸ. ಅಪ್ಪ ಡಿಪೋದಿಂದ ಬಂದು ಕೈಕಾಲು ತೊಳೆದು, ತನ್ನ ಅಂಗವಸ್ತ್ರದಿಂದ ನನ್ನ ಕಣ್ಣು ಕಟ್ಟಿ, ನನ್ನನ್ನು ಹಾಸಿಗೆಯ ಮೇಲೆ ಕೂರಿಸುತ್ತಿದ್ದ. ಅಲ್ಲಿಂದ ಏಳಬೇಕು, ಮಂಚದ ಕೆಳಗೆ ಕೈ ಹಾಕಿ ಟ್ರಂಕು ತೆರೆಯಬೇಕು, ಬ್ಯಾಟರಿ ತೆಗೆಯಬೇಕು, ಗೋಡೆ ಹಿಡಿಯದೆ ಬಾಗಿಲಿಗೆ ಹೋಗಿ ಅಗಳಿ ತೆಗೆಯಬೇಕು.

"ಕತ್ತಲೆ ಹೇಳಿ ಬರೂದಿಲ್ಲ ಕೂಸೇ. ಕಣ್ಣಿಗಲ್ಲ, ಕೈಗೆ ದಾರಿ ಗೊತ್ತಿರ್ಬೇಕು."

ಇದನ್ನು ಸಾಲುಮನೆಯ ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ನಾನು ಅಗಳಿ ತೆಗೆದು ಕಟ್ಟು ಬಿಚ್ಚಿದರೆ ಎದುರಿಗೇ ಆ ನಗುವ ಮುಖಗಳು. ದೊಡ್ಡವಳಾದ ಮೇಲೂ ಅಪ್ಪನ ಹತ್ತಿರ ಕಣ್ಣಾಮುಚ್ಚಾಲೆ ಆಡುವವಳು ಎಂದು ಬಾವಿಕಟ್ಟೆಯ ಬಳಿ ಗೋಳುಹೊಯ್ದುಕೊಳ್ಳುತ್ತಿದ್ದರು. ಅಪ್ಪನಿಗೆ ಕಿಟಕಿ ಹಾಕಲು ಹೇಳಿದೆ. ನಿಜವಾದ ಆಪತ್ತಿನಲ್ಲೂ ಜನ ನೋಡುತ್ತಿರುತ್ತಾರೆ, ರೂಢಿಯಾಗಲಿ ಎಂದ. ಶಾಲೆಯಲ್ಲಿ ಇದಕ್ಕಿಂತ ಕಷ್ಟ. ಒಮ್ಮೆ ಯಾರದೋ ಕಂಪಾಸು ಪೆಟ್ಟಿಗೆ ಕಳೆದು ಎಲ್ಲರ ಪಾಟಿಚೀಲ ಸುರುವಿಸಿದಾಗ, ನನ್ನ ಚೀಲದಿಂದ ಪುಸ್ತಕದ ಜೊತೆ ಮೇಣದ ಬತ್ತಿ, ಹಗ್ಗದ ಸುರುಳಿ, ಬೆಲ್ಲ ಅವಲಕ್ಕಿಯ ಪೊಟ್ಟಣ, ಪಂಚೆಯ ಪಟ್ಟಿ ಎಲ್ಲ ಉದುರಿದವು. ಯಾರ ಜೊತೆ ಓಡಿಹೋಗಲು ತಯಾರಿ ಎಂದು ಮಾಸ್ತರು ಕೇಳಿದರು. ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಾನು ಅವತ್ತು ಮನೆಗೆ ಬಂದು ಅವಲಕ್ಕಿಯನ್ನು ಬಚ್ಚಲಿಗೆ ಸುರಿದೆ. ಮರುದಿನ ಬೆಳಿಗ್ಗೆ ಚೀಲದಲ್ಲಿ ಹೊಸ ಪೊಟ್ಟಣ ಇತ್ತು.

ಆದರೆ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಟ್ರಂಕಲ್ಲ, ಬಟ್ಟಲು. ಸಾಲುಮನೆಯಲ್ಲಿ ಬೆಳಗಾದರೆ ಬಟ್ಟಲುಗಳು ಓಡಾಡುತ್ತಿದ್ದವು. ಒಬ್ಬರಿಗೆ ಕಾಫಿ ಪುಡಿ, ಒಬ್ಬರಿಗೆ ಕರಿಬೇವು, ಬೆಕ್ಕು ಮೊಸರು ಚೆಲ್ಲಿದ ಮನೆಯವರಿಗೆ ಒಂದು ಚಮಚ ಹೆಪ್ಪು. ಕೊಟ್ಟ ಬಟ್ಟಲನ್ನು ಖಾಲಿ ತಿರುಗಿಸಬಾರದು, ಏನಾದರೂ ಹಾಕಿ ಕೊಡಬೇಕು. ಅದೂ ಕೂಡಲೇ ಅಲ್ಲ. ಬಟ್ಟಲು ನಾಲ್ಕು ದಿನ ನಿಮ್ಮ ಮನೆಯಲ್ಲಿರಬೇಕು, ಅಷ್ಟರಲ್ಲಿ ನಿಮ್ಮದೊಂದು ಅವರಲ್ಲಿಗೆ ಹೋಗಿರಬೇಕು. ಯಾರದು ಎಲ್ಲಿದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಬಾರದು. ನಮ್ಮ ಮನೆ ಮಾತ್ರ ಈ ಲೆಕ್ಕಕ್ಕೆ ಸೇರಲಿಲ್ಲ. ಪಕ್ಕದ ಮನೆಯ ಗೌರಕ್ಕ, ಬನವಾಸಿ ಕಡೆಯವಳು, ನಾವು ಬಂದ ಹೊಸತರಲ್ಲಿ ಹೋಳಿಗೆ ತಂದುಕೊಟ್ಟಿದ್ದಳಂತೆ. ಅಪ್ಪ ಅದೇ ಸಂಜೆ ಅದರ ಎರಡರಷ್ಟು ಬಾಳೆಹಣ್ಣು ತಂದು ಬಟ್ಟಲು ತುಂಬಿ ವಾಪಸು ಕಳಿಸಿದ. ದೀಪಾವಳಿಗೂ ಹಾಗೇ ಮಾಡಿದ. ಆಮೇಲೆ ಬಟ್ಟಲು ಬರುವುದು ನಿಂತಿತು. ಅಪ್ಪ ಜಿಪುಣನಲ್ಲ. ಕರೆಂಟು ಹೋದಾಗ ಮೇಣದ ಬತ್ತಿ, ಜ್ವರ ಬಂದಾಗ ಮಾತ್ರೆ, ಯಾರು ಕೇಳಿದರೂ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಿದ್ದ, ತಿರುಗಿ ಕೊಡಲು ಬಂದರೆ ಬೇಡವೆನ್ನುತ್ತಿದ್ದ. ಕ್ರಮೇಣ ಕೇಳಲು ಬರುವವರೂ ಕಡಿಮೆಯಾದರು. ಬರೀ ಕೊಡುವವರ ಮನೆಗೆ ಹೋಗಲು ಜನಕ್ಕೆ ಎಷ್ಟು ಸಂಕೋಚ ಎಂದು ಅವನಿಗೆ ಹೊಳೆಯಲೇ ಇಲ್ಲ. ಗೌರಕ್ಕ ಒಮ್ಮೆ ಬಾವಿಯ ಬಳಿ ನನ್ನನ್ನು ಕೆಣಕಿದ್ದಳು.

"ನಿಮ್ಮಪ್ಪ ಬಟ್ಟಲ ತಿರುಗಿ ಕೊಡೂದ್ರಾಗ ಭಾಳ ಜೋರ್ ಅದಾನವ್ವ. ಇನ್ನೂ ಬಿಸಿ ಇರ್ತೈತಿ, ಅಷ್ಟರಾಗ ಹೊಳ್ಳಿ ಬಂದಿರ್ತೈತಿ."

ನಗುತ್ತಲೇ ಹೇಳಿದಳು. ನನಗೆ ಮಾತ್ರ ಕೊಡ ಎತ್ತಲೂ ಆಗದಷ್ಟು ನಾಚಿಕೆಯಾಯಿತು.

ಹೆಪ್ಪಿಗೂ ನಮ್ಮಲ್ಲಿ ವ್ಯವಸ್ಥೆ ಇತ್ತು. ಅಡುಗೆಮನೆಯ ಗೂಡಿನಲ್ಲೊಂದು, ನೆಲುವಿನ ಮೇಲೊಂದು, ಎರಡು ಕಡೆ ಮೊಸರು ಎತ್ತಿಡಬೇಕು. ಎರಡೂ ಹೋದರೆ ಬಿಸಿ ಹಾಲಿಗೆ ಹಸಿಮೆಣಸಿನ ತೊಟ್ಟು ಹಾಕಿಟ್ಟರೆ ಹೇಗೋ ಹೆಪ್ಪಾಗುತ್ತದೆ ಎಂದು ಅಪ್ಪ ಎಲ್ಲಿಂದಲೋ ಕಲಿತು ಬಂದಿದ್ದ. ಅವ್ವನ ಅಣ್ಣ ಸಿದ್ದಾಪುರದ ಕಡೆಯಿಂದ ಅಪರೂಪಕ್ಕೆ ಬಂದಾಗ ಎರಡೂ ಮೊಸರು ಹಿಂದಿನ ದಿನವೇ ಕೆಟ್ಟಿದ್ದವು. ಹಿಂದಿನ ರಾತ್ರಿ ತೊಟ್ಟು ಹಾಕಿಟ್ಟ ಹಾಲು ಊಟದ ಹೊತ್ತಿಗೂ ಹಾಲಾಗಿಯೇ ಇತ್ತು. ಗೌರಕ್ಕನ ಮನೆ ಹತ್ತು ಹೆಜ್ಜೆ. ಅವ್ವ ಬಟ್ಟಲು ಹಿಡಿದು ಹಿಂದಿನ ಬಾಗಿಲವರೆಗೆ ಹೋದವಳು ಅಪ್ಪನ ಮುಖ ನೋಡಿ ಮರಳಿದಳು. ನಮ್ಮ ಕಡೆ ಕೊನೆಯಲ್ಲಿ ಮಜ್ಜಿಗೆ ಅನ್ನ ಇಲ್ಲದಿದ್ದರೆ ಊಟ ಮಾಡಿದಂತೆಯೇ ಅಲ್ಲ. ಮಾವ ಸಾರಿನ ಅನ್ನ ಮುಗಿಸಿ, ಸ್ವಲ್ಪ ಹೊತ್ತು ಕಾದು, ಏನೂ ಬಾರದ್ದು ಕಂಡು, ಹೊಟ್ಟೆ ತುಂಬಿತೆಂದು ಎದ್ದ. ಅವನು ಬಸ್ಸು ಹತ್ತಿದ ಮೇಲೆ ಅವ್ವ ಅಡುಗೆಮನೆಯಿಂದ ಹೊರಗೆ ಬಂದು ಅಪ್ಪನ ಎದುರು ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಒಂದು ಚಮಚ ಹೆಪ್ಪು ಕೇಳಿರೆ ನಿಮ್ಮ ಮಾನ ಎಂತ ಹೋಗ್ತದೆ? ನಮ್ಮಣ್ಣ ಮಜ್ಜಿಗೆ ಇಲ್ದೆ ಕೈ ತೊಳದ. ಅದು ಮಾನ ಹೋದ ಹಾಗಲ್ವಾ?"

"ಇವತ್ತು ಹೆಪ್ಪು, ನಾಳೆ ಅಕ್ಕಿ. ಕೇಳೂದು ಒಂದ್ಸಲ ರೂಢಿ ಆದ್ರೆ ಬಿಡೂದಿಲ್ಲ."

ಅಷ್ಟು ಹೇಳಿ ಅಪ್ಪ ಟ್ರಂಕು ಎಳೆದು, ಆಗಲೇ ಸರಿಯಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. ನಾನು ಅವ್ವನ ಪರವಾಗಿದ್ದೆ. ಅಪ್ಪನನ್ನು ಕಂಡರೆ ಮೈ ಉರಿಯಿತು. ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತ ಅವ್ವ ಕಣ್ಣೀರು ಹಾಕುತ್ತಿದ್ದಳು, ನಾನು ಬೂದಿ ಕೊಡುತ್ತ ಅಪ್ಪನನ್ನು ಬೈಯುತ್ತಿದ್ದೆ. ಬೈಯಲು ಬಿಡದೆ ಅವಳು ಅಪ್ಪನ ಸಣ್ಣಂದಿನ ಕಥೆಯನ್ನು ಹೇಳಿದಳು. ಅಪ್ಪ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ಅವಳಿಗೂ ಅತ್ತೆಯಿಂದಲೇ ಗೊತ್ತಾದದ್ದು. ಅಪ್ಪನ ಮನೆಯವರು ಆಗ ಒಡೆಯರ ಗದ್ದೆ ಗೇಣಿಗೆ ಮಾಡುತ್ತಿದ್ದರು, ಆ ಗದ್ದೆ ಅವರದಾದದ್ದು ಎಷ್ಟೋ ಆಮೇಲೆ. ಅಪ್ಪನ ತಂಗಿಗೆ ಜ್ವರ ಬಂದು ಗಂಜಿಗೂ ಅಕ್ಕಿ ಇಲ್ಲದಾದಾಗ ನನ್ನ ಅಜ್ಜಿ ಮಗನ ಕೈ ಹಿಡಿದುಕೊಂಡು ಒಡೆಯರ ಮನೆಗೆ ಹೋದಳು. ಒಡೆಯರು ಉಂಡು ಮಲಗಿದ್ದಾರೆ, ಏಳುವವರೆಗೆ ನಿಂತಿರು ಎಂದರಂತೆ. ಮೆಟ್ಟಿಲು ಹತ್ತುವ ಹಾಗಿಲ್ಲ, ಅಂಗಳದಲ್ಲಿ ನಿಂತಿರಬೇಕು. ಬಿಸಿಲು ಇಳಿಯುವವರೆಗೂ ನಿಂತರು. ನಡುವೆ ಮನೆಯ ನಾಯಿಗೆ ಅನ್ನ ಹಾಕಿದರು, ಅಪ್ಪ ಅದನ್ನು ನೋಡುತ್ತ ನಿಂತಿದ್ದ. ಅಕ್ಕಿ ಸಿಕ್ಕಿತು, ಮಗುವೂ ಉಳಿಯಿತು. ಆದರೆ ಅಪ್ಪ ಅವತ್ತಿನಿಂದ ಯಾರ ಅಂಗಳದಲ್ಲೂ ನಿಲ್ಲಲಿಲ್ಲ. ಕಥೆ ಕೇಳಿದ ಮೇಲೆ ಸಿಟ್ಟು ಇಳಿಯಿತು, ನಾಚಿಕೆ ಇಳಿಯಲಿಲ್ಲ. ಈಗ ಅಪ್ಪನ ಬಗ್ಗೆಯೂ, ಅಪ್ಪನ ಬಗ್ಗೆ ನಾಚಿಕೊಂಡ ನನ್ನ ಬಗ್ಗೆಯೂ ಸೇರಿ ಅದು ಎರಡಾಯಿತು.

ನನ್ನ ಆರನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅವ್ವ ತವರಿನ ಮದುವೆಗೆಂದು ಮುಂಚಿತವಾಗಿ ಹೋದಳು. ಅಪ್ಪನಿಗೆ ಅನ್ನ ಬೇಯಿಸಿ ಹಾಕಲು ನಾನು ಉಳಿದೆ. ವಾರದ ರಜೆಯ ದಿನ, ಊಟವಾದ ಮೇಲೆ, ಮಳೆಗಾಲಕ್ಕೆ ಮೊದಲು ಅಟ್ಟದ ಅಕ್ಕಿ ಇಳಿಸಿ ಬಿಸಿಲಿಗೆ ಹಾಕಬೇಕೆಂದು ಅಪ್ಪ ಏಣಿ ಹಾಕಿದ. ನಾನು ಅಡುಗೆಮನೆಯಲ್ಲೇ, ಕರೆದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದೆ. ಏಣಿ ಹಿಡಿದುಕೋ ಎಂದು ಅವನು ಕರೆಯಲಿಲ್ಲ. ಏಣಿಯ ಕಾಲು ಜಾರದಂತೆ ಗೋಣಿ ಮಡಿಸಿಟ್ಟು, ಮೇಲ್ತುದಿಯನ್ನು ತೊಲೆಗೆ ಹಗ್ಗದಿಂದ ತಾನೇ ಕಟ್ಟಿದ್ದ. ಮೂಟೆ ಹೆಗಲಿಗೇರಿಸಿ ಇಳಿಯುವಾಗ ಗೋಣಿಯೇ ಜಾರಿತು. ಸದ್ದು ಕೇಳಿ ನಾನು ಓಡಿ ಬಂದರೆ ಅಪ್ಪ ಅಕ್ಕಿಯ ನಡುವೆ ಬಿದ್ದಿದ್ದ. ಒಂದು ಕಾಲು ಕಾಲಿನ ಹಾಗೆ ಇರಲಿಲ್ಲ.

"ಯಾರನ್ನೂ ಕರೀಬೇಡ. ಟ್ರಂಕು ಎಳಿ."

ಎಳೆದೆ. ನನಗೆ ಎಲ್ಲ ಬರುತ್ತಿತ್ತು. ಹಲಗೆಗಳನ್ನು ಕಾಲಿನ ಎರಡೂ ಬದಿಗಿಟ್ಟು, ಪಂಚೆಯ ಪಟ್ಟಿಯಿಂದ ಮೇಲೆ ಕೆಳಗೆ ಕಟ್ಟಿದೆ. ಗಂಟು ಬಿಗಿಯಾಗಿದೆಯೇ ಎಂದು ಅಪ್ಪ ಹಲ್ಲು ಕಚ್ಚಿಕೊಂಡೇ ಮುಟ್ಟಿ ನೋಡಿದ. ಸರಿಯಾಗಿದೆ ಎಂದ. ಮೊಣಕೈ ತರಚಿದಲ್ಲಿ ಟಿಂಚರ್ ಹಚ್ಚಿದೆ, ಬೆಲ್ಲದ ನೀರು ಕುಡಿಸಿದೆ. ಇಷ್ಟಾದ ಮೇಲೆ ಮುಂದೇನು ಎಂಬುದು ನಮ್ಮ ಅಭ್ಯಾಸದಲ್ಲಿ ಇರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತಿಗೆ ನಾನೇ ಏಳ್ತೆ ಎಂದ ಅಪ್ಪ. ಎರಡು ಸಲ ಕೈ ಊರಿ ಏಳಲು ನೋಡಿದ, ಎರಡು ಸಲವೂ ಒಂದು ಬಗೆಯ ಸದ್ದು ಮಾಡಿ ಬಿದ್ದ. ಅಂಥ ಸದ್ದು ಅವನ ಬಾಯಿಂದ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಖದ ಬಣ್ಣ ಬೂದಿಯಾಗುತ್ತಿತ್ತು, ಹಣೆಯ ಬೆವರು ಅಕ್ಕಿಯ ಮೇಲೆ ಬೀಳುತ್ತಿತ್ತು. ಟ್ರಂಕಿನ ತಳದಲ್ಲಿ ಸೀಟಿ ಕಂಡಿತು. ತೆಗೆದು ಅವನ ಮುಂದೆ ಹಿಡಿದೆ. ಅಪ್ಪ ಅದನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅದನ್ನು ಊದಿದರೆ ಯಾರು ಬರಬೇಕೆಂದು ಅವನು ಅದನ್ನು ಕೊಂಡಿದ್ದನೋ, ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಆಗ ನಾನು ಮಾಡಿದ್ದನ್ನು ಹೇಳಲು ಈ ವಯಸ್ಸಿನಲ್ಲೂ ತಲೆ ತಗ್ಗುತ್ತದೆ. ಕೂಗಬಹುದಿತ್ತು, ಅತ್ತುಕೊಂಡು ಅಂಗಳಕ್ಕೆ ಓಡಬಹುದಿತ್ತು. ಕತ್ತಲಲ್ಲಿ ಬ್ಯಾಟರಿ ಹುಡುಕಲು, ಗಂಟು ಹಾಕಲು, ಕೆಂಡದ ಮೇಲೆ ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸಲು ಕಲಿತವಳಿಗೆ ಇನ್ನೊಬ್ಬರ ಬಾಗಿಲಲ್ಲಿ ನಿಂತು ಏನು ಹೇಳಬೇಕು ಎಂಬುದು ಬರುತ್ತಿರಲಿಲ್ಲ. ಬಾಗಿಲಿಗೆ ಬರುವವರನ್ನು ನಾನು ನೋಡಿದ್ದು ಒಂದೇ ರೀತಿಯಲ್ಲಿ, ಕೈಯಲ್ಲಿ ಬಟ್ಟಲು ಹಿಡಿದು. ಅಡುಗೆಮನೆಗೆ ಹೋಗಿ ಒಂದು ಬಟ್ಟಲು ತೆಗೆದುಕೊಂಡೆ. ಹಿಂದಿನ ಬಾಗಿಲಿಂದ ಹೋಗಿ ಗೌರಕ್ಕನ ಮನೆಯ ಮೆಟ್ಟಿಲ ಕೆಳಗೆ ನಿಂತೆ. ಅವಳು ಜಗುಲಿಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

"ಒಂಚೂರು ಹೆಪ್ಪು ಬೇಕಿತ್ತು."

ಅಪ್ಪ ಕಾಲು ಮುರಿದುಕೊಂಡು ಬಿದ್ದಿರುವಾಗ ನನ್ನ ಬಾಯಿಂದ ಬಂದದ್ದು ಇದು. ಗೌರಕ್ಕ ನನ್ನ ಮುಖ ನೋಡಿದಳು, ಟಿಂಚರ್ ಹತ್ತಿದ ಬೆರಳು ನೋಡಿದಳು, ಬಟ್ಟಲು ನೋಡಿದಳು. ಮೊರ ಕೆಳಗಿಟ್ಟಳು.

"ನಿಮ್ಮನಿಯಿಂದ ಬಟ್ಟಲ ಬಂದೈತಿ ಅಂದ್ರ ಸುಮ್ಮನ ಬಂದಿಲ್ಲವ್ವ ಅದು."

ಏನಾಯಿತೆಂದು ಕೇಳಲಿಲ್ಲ. ಒಳಗೆ ಹೋಗಿ ಬಟ್ಟಲಿಗೆ ನಿಜವಾಗಿಯೂ ಮೊಸರು ಹಾಕಿಕೊಂಡು ಬಂದಳು. ನನ್ನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ನನ್ನ ಹಿಂದೆ ನಡೆದಳು. ನಮ್ಮ ಬಾಗಿಲಲ್ಲಿ ನಿಂತು, ಕೂಸು ಹೆಪ್ಪು ಕೇಳಿತ್ತು, ಕೊಡಲು ಬಂದೆ ಎಂದು ಒಳಗೆ ಕೇಳುವಂತೆ ಹೇಳಿ, ಆಮೇಲೆ ಹೊಸ್ತಿಲು ದಾಟಿದಳು. ನೆಲದ ಮೇಲಿದ್ದ ಅಪ್ಪನನ್ನು ಕಂಡು ಅವಳು ಕೂಗಲೂ ಇಲ್ಲ, ಲೊಚಗುಟ್ಟಲೂ ಇಲ್ಲ. ಬಟ್ಟಲನ್ನು ಗೂಡಿನಲ್ಲಿಟ್ಟು, ಸೆರಗು ಸಿಕ್ಕಿಸಿಕೊಂಡು, ತನ್ನ ಗಂಡ ಬಸಣ್ಣನನ್ನು ಕರೆದಳು. ಅವನಿಗೆ ಅಂಗಡಿಗೆ ಸಾಮಾನು ತರುವ ಲಗೇಜ್ ರಿಕ್ಷಾ ಇತ್ತು. ಮಲಗಿಸಿ ಹೊರಲು ಏನೂ ಸಿಗದೆ ನಮ್ಮ ಅಡುಗೆಮನೆಯ ಬಾಗಿಲನ್ನೇ ತಿರುಗಣಿಯಿಂದ ಎತ್ತಿ ತೆಗೆದರು. ಸಾಲುಮನೆಯ ಗಂಡಸರೆಲ್ಲ ಸೇರಿ ಬಾಗಿಲಿನ ಮೇಲೆ ಅಪ್ಪನನ್ನು ಮಲಗಿಸಿ ಅಂಗಳ ದಾಟಿಸುವಾಗ ಅವನು ಅಂಗವಸ್ತ್ರದಿಂದ ಮುಖ ಮುಚ್ಚಿಕೊಂಡ. ಶನಿವಾರದ ದಿನ ನನ್ನ ಕಣ್ಣಿಗೆ ಕಟ್ಟುತ್ತಿದ್ದ ಅಂಗವಸ್ತ್ರವೇ ಅದು. ಅವತ್ತು ಕಿಟಕಿಯ ಮಕ್ಕಳು ನಗಲಿಲ್ಲ. ಒಬ್ಬ ಹುಡುಗ ಅಪ್ಪನ ಚಪ್ಪಲಿಗಳನ್ನು ಎತ್ತಿಕೊಂಡು ರಿಕ್ಷಾದ ಹಿಂದೆ ಓಡಿದ.

ಶಿರಸಿಯ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ಹುಬ್ಬಳ್ಳಿಗೆ ಕಳಿಸಿದರು. ತೊಡೆಯ ಮೂಳೆ. ಅಪ್ಪ ವಾಪಸು ಬಂದು ಮಂಚ ಹಿಡಿದಾಗ ಮಳೆ ಶುರುವಾಗಿತ್ತು. ಆ ತಿಂಗಳುಗಳಲ್ಲಿ ನಮ್ಮ ಮನೆಗೆ ಬಟ್ಟಲುಗಳು ಬಂದವು. ಗೌರಕ್ಕನ ಮನೆಯಿಂದ ರೊಟ್ಟಿ ಪಲ್ಯ, ಇನ್ನೊಂದು ಮನೆಯಿಂದ ಸಾರು, ಮತ್ತೊಂದರಿಂದ ಬರೀ ಉಪ್ಪಿನಕಾಯಿ. ಅವ್ವ ಯಾವುದನ್ನೂ ಅವತ್ತೇ ತಿರುಗಿಸಲಿಲ್ಲ. ತೊಳೆದು, ಅಪ್ಪನ ಮಂಚದಿಂದ ನೇರ ಕಾಣುವ ಗೂಡಿನಲ್ಲಿ ಒಂದರ ಮೇಲೊಂದು ಬೋರಲು ಹಾಕಿಟ್ಟಳು. ಅವಳು ಬೇಕೆಂದೇ ಹಾಗೆ ಮಾಡಿದಳೆಂದು ನನ್ನ ಅನುಮಾನ. ಅಪ್ಪ ಮಲಗಿದಲ್ಲಿಂದ ಅವನ್ನು ನೋಡುತ್ತಿದ್ದ, ನೋಡಿ ಕಣ್ಣು ಮುಚ್ಚುತ್ತಿದ್ದ. ಟ್ರಂಕು ಅವನ ಮಂಚದ ಕೆಳಗೆ ಇತ್ತು. ಎಷ್ಟು ಶನಿವಾರ ಹೋದರೂ ಅವನು ಅದನ್ನು ಎಳೆಯಲು ಹೇಳಲಿಲ್ಲ.

ಅಪ್ಪ ಕೋಲೂರಿ ನಡೆಯಲು ಶುರು ಮಾಡಿದ ಮೇಲಿನ ಮಾತು. ಒಂದು ಬೆಳಿಗ್ಗೆ ನಾನು ಬಾವಿಯಲ್ಲಿ ನೀರು ಸೇದುತ್ತಿದ್ದೆ. ಅಪ್ಪ ಬಾಗಿಲಿಂದ ಹೊರಬಂದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟಲು. ಮನೆಯಲ್ಲಿ ಮೊಸರು ಬೇಕಾದಷ್ಟಿತ್ತು, ನಾನೇ ಬೆಳಿಗ್ಗೆ ನೋಡಿದ್ದೆ. ಅಪ್ಪ ಗೌರಕ್ಕನ ಮನೆಯವರೆಗೆ ಹೋಗಿ ಮೆಟ್ಟಿಲ ಕೆಳಗೆ ನಿಂತ. ಒಳಗೆ ಒಲೆಯ ಸದ್ದು ಕೇಳುತ್ತಿತ್ತು. ಕರೆಯಬೇಕು, ಕರೆಯಲಿಲ್ಲ. ಬಿಸಿಲು ಅವನ ತಲೆಯ ಮೇಲೇ ಬೀಳುತ್ತಿತ್ತು, ಅವನು ನಿಂತೇ ಇದ್ದ. ಅಪ್ಪ ಎಷ್ಟು ವರ್ಷಗಳ ಹಿಂದಿನ ಯಾವ ಅಂಗಳದಲ್ಲಿ ನಿಂತಿದ್ದಾನೆಂದು ನನಗೆ ಗೊತ್ತಿತ್ತು. ನೋಡಲಾಗಲಿಲ್ಲ. ನಾನು ನೋಡಿದ್ದು ಅವನಿಗೆ ಗೊತ್ತಾಗಬಾರದೆಂದು ಬಾವಿಕಟ್ಟೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಆಗ ಗೌರಕ್ಕನ ದನಿ ಕೇಳಿತು.

"ಹೊರಗ ಯಾಕ ನಿಂತೀರಿ ಅಣ್ಣಾರ? ಒಳಗ ಬರ್ರಿ."

ಅಷ್ಟೇ. ಯಾರಿಗಾದರೂ ಹೇಳುವ ಮಾತು. ಅಪ್ಪ ಏನೋ ಹೇಳಿದ, ಹೆಪ್ಪು ಎಂದಷ್ಟು ನನಗೆ ಕೇಳಿತು. ಹೆಪ್ಪು ಎಲ್ಲಿ ಹೋಗುತ್ತದೆ, ಮೊದಲು ಕೂತು ಚಾ ಕುಡಿಯಿರಿ ಎಂದಳು ಗೌರಕ್ಕ. ನಾನು ತಲೆ ಎತ್ತಿದಾಗ ಅಂಗಳದಲ್ಲಿ ಅಪ್ಪ ಇರಲಿಲ್ಲ. ಮೆಟ್ಟಿಲ ಕೆಳಗೆ ಅವನ ಚಪ್ಪಲಿಗಳಿದ್ದವು, ಗೌರಕ್ಕನ ಬಾಗಿಲ ಕಡೆಗೇ ಮುಖ ಮಾಡಿಕೊಂಡು.

ಬಹಳ ಹೊತ್ತಾದ ಮೇಲೆ ಹೊರಗೆ ಬಂದ. ಗೌರಕ್ಕ ಬಟ್ಟಲಿನ ಕಂಠದವರೆಗೆ ಮೊಸರು ತುಂಬಿಬಿಟ್ಟಿದ್ದಳು. ಕೋಲೂರಿದರೆ ಬಟ್ಟಲು ಅಲುಗುತ್ತದೆ, ಬಟ್ಟಲು ನೋಡಿದರೆ ಕಾಲು ತಪ್ಪುತ್ತದೆ. ಅಪ್ಪ ಮೆಟ್ಟಿಲ ಮೇಲೆ ಹಾಗೇ ನಿಂತ. ನಾನು ಏನೂ ಕಾಣದವಳಂತೆ ಕೊಡವನ್ನು ಜೋರಾಗಿ ಬಾವಿಗೆ ಬಿಟ್ಟೆ. ಸಹಾಯಕ್ಕೆ ಹೋದರೆ ಅವನಿಗೆ ಹೇಗಾಗುತ್ತದೋ ಎಂದು ಹೆದರಿ ಹಗ್ಗ ಹಿಡಿದು ನೀರನ್ನೇ ನೋಡುತ್ತಿದ್ದೆ. ಏಣಿ ಹಿಡಿಯಲು ಕೂಡ ನನ್ನನ್ನು ಕರೆಯದಿದ್ದವನು ಆಗ ಕರೆದ, ಇಡೀ ಸಾಲುಮನೆಗೆ ಕೇಳುವಂತೆ.

"ಕೂಸೇ, ಬಾ ಇಲ್ಲಿ. ಸ್ವಲ್ಪ ಕೈ ಕೊಡು."